ಕಟಿಂಗ್ ಸಭೆ

ಕಟಿಂಗ್ ಮಾಸ್ಟರಿಗೆ ಬಟ್ಟೆ ಕತ್ತರಿಸಲು ಬರುತ್ತದೆ ಎಂದರೆ ಅರ್ಧ ಮಾತು ಹೇಳಿದಂತೆ. ಅವನ ನಿಜವಾದ ಕೆಲಸ ಬಟ್ಟೆ ಉಳಿಸುವುದು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ, ತೋಳು, ಕಾಲರು, ಜೇಬುಗಳ ರಟ್ಟಿನ ಅಚ್ಚುಗಳನ್ನು ಹಿಂದೆ ಮುಂದೆ ತಿರುಗಿಸಿ ಜೋಡಿಸಿ, ಬೇರೆಯವರು ಹತ್ತು ಅಂಗಿ ತೆಗೆಯುವಲ್ಲಿ ಹನ್ನೊಂದು ತೆಗೆಯುತ್ತಿದ್ದ. ಮಾಲೀಕ ಬೆನ್ನು ತಟ್ಟುತ್ತಿದ್ದ, ಸಂಬಳ ಮಾತ್ರ ಏರಿಸುತ್ತಿರಲಿಲ್ಲ.

ಆ ಜಾಣತನವನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಪುಣ್ಯಾತ್ಮ ಮನೆಗೂ ತಂದ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತಿತ್ತು. ಉಳಿದರ್ಧಕ್ಕೆ ಕರೆಂಟು, ನೀರು, ಗ್ಯಾಸು, ಬಸ್ಸು, ಮಗಳ ಸ್ಕೂಲು ಬಾಯಿ ತೆರೆದು ಕೂತಿರುತ್ತಿದ್ದವು. ಹಾಗಾಗಿ ತಿಂಗಳ ಕೊನೆಯ ಭಾನುವಾರ ಊಟವಾದ ಮೇಲೆ ಒಂದು ಸಭೆ. ಮನೆಯಲ್ಲಿರುವವರೆಲ್ಲ ಬರುವ ತಿಂಗಳಿಗೆ ಒಂದೊಂದು ಖರ್ಚು ಬಿಡಬೇಕು. ಹೆಂಡತಿ ಅದಕ್ಕೆ ಕಟಿಂಗ್ ಸಭೆ ಎಂದು ಹೆಸರಿಟ್ಟಿದ್ದಳು. ಮಗಳಿಗಂತೂ ಅದೊಂದು ಆಟ. ಒಮ್ಮೆ "ನಾನು ಹೋಂವರ್ಕ್ ಬಿಡ್ತೀನಿ" ಎಂದು ಬೈಸಿಕೊಂಡಿದ್ದಳು.

ಅಂಥ ಮನೆಗೆ ಅಕ್ಕ ಬಂದಳು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು. ತಮ್ಮ ಒಂದು ದಾರಿಗೆ ಬರಲಿ ಎಂದು ತನ್ನ ಮದುವೆಯನ್ನು ಮುಂದೂಡುತ್ತ ಹೋಗಿ ಕೊನೆಗೆ ಆ ಯೋಚನೆಯನ್ನೇ ಕೈಬಿಟ್ಟವಳು. ನಗರದ ಇನ್ನೊಂದು ತುದಿಯಲ್ಲಿ ನಾಲ್ಕು ಮನೆಗಳ ಅಡುಗೆ ಮಾಡಿಕೊಂಡು ಒಂಟಿ ಕೋಣೆಯಲ್ಲಿದ್ದಳು. ಅಲ್ಲಿ ಬಾಡಿಗೆ ಏರಿತು, ಅವಳ ಕೈಲಾಗಲಿಲ್ಲ. "ತಮ್ಮ ಇರೋವಾಗ ನಿಂಗೆ ಬೇರೆ ಮನೆ ಯಾಕಕ್ಕ? ಇನ್ಮೇಲೆ ನಮ್ಮ ಜೊತೇನೇ ಇರು" ಎಂದು ಅವನೇ ಹೋಗಿ ಪೆಟ್ಟಿಗೆ ಹೊತ್ತು ತಂದಿದ್ದ. ಅಷ್ಟು ದೂರದ ಅಡುಗೆ ಕೆಲಸಗಳು ಅಲ್ಲಿಗೇ ಬಿಟ್ಟುಹೋದವು. ಅದು ಬರೀ ಬಾಯಿಮಾತಾಗಿರಲಿಲ್ಲ, ಅಷ್ಟನ್ನು ಅವನ ಪರವಾಗಿ ಹೇಳಲೇಬೇಕು.

ಆ ತಿಂಗಳೊಂದು ಸಭೆಗೆ ರಜೆ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಕೊಡಲಿಲ್ಲ. ಹೆಂಡತಿ ಸಂಜೆಯ ಕಾಫಿ ಬಿಟ್ಟಳು. ಮಗಳು ಐಸ್‌ಕ್ರೀಮ್ ಬಿಟ್ಟಳು. ಅವನು ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆಯುತ್ತೇನೆಂದ.

"ಈಗ ಅತ್ತೆ!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ಅಕ್ಕ ಯೋಚಿಸಿದಳು. ಕಾಫಿ ಕುಡಿಯುವವಳಲ್ಲ, ತಿರುಗಾಡುವವಳಲ್ಲ, ಫೋನೂ ಇರಲಿಲ್ಲ. "ಬಿಡೋಕೆ ನನ್ನ ಹತ್ರ ಏನೂ ಇಲ್ವಲ್ಲೇ," ಎಂದು ನಕ್ಕಳು. "ನಾನೇ ಹೊರಟುಬಿಡ್ಲಾ?"

ತಮಾಷೆಯ ಮಾತು. ಆ ಕ್ಷಣವೇ ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಬೈಯಲಿಲ್ಲ. ನೀರಿಗೆ ಇಷ್ಟು, ಗ್ಯಾಸಿಗೆ ಇಷ್ಟು, ದಿನಸಿಗೆ ಇಷ್ಟು ಎಂದು ಅವನ ತಲೆ ತನ್ನ ಪಾಡಿಗೆ ಓಡತೊಡಗಿತ್ತು. ಆಮೇಲಷ್ಟೇ "ಏನಕ್ಕ ಇದು, ಮಾತೂ ಒಂದು ಮಾತಾ!" ಎಂದ. "ಸುಮ್ನಿರಿ ಅತ್ತಿಗೆ" ಎಂದಳು ಹೆಂಡತಿ. ಎಲ್ಲರೂ ನಕ್ಕರು. ಯಾರಿಗೂ ಏನೂ ಗೊತ್ತಾಗಲಿಲ್ಲ ಎಂದುಕೊಂಡ.

ಮುಂದಿನ ವಾರವೇ ಅಕ್ಕ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಹಿಡಿದಳು. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. "ಕೈಕಾಲು ಗಟ್ಟಿ ಇರೋವಾಗ ಸುಮ್ನೆ ಕೂರೋಕಾಗಲ್ಲಪ್ಪ" ಎಂದಳು. ಅವನು ಪೆಟ್ಟಿಗೆ ಕಸಿದುಕೊಂಡ, ಗದರಿದ, ಕೊನೆಗೆ ಅತ್ತೂ ಬಿಟ್ಟ. ಅವಳು ಅವನ ತಲೆ ಸವರಿ ಮೆಟ್ಟಿಲಿಳಿದಳು.

ಎರಡು ಭಾನುವಾರ ತಡೆದುಕೊಂಡ. ಮೂರನೆಯದಕ್ಕೆ ಹಾಸ್ಟೆಲಿನ ಹಿಂಬಾಗಿಲಿಗೆ ಹೋಗಿ ನಿಂತ. ಅಕ್ಕ ದೊಡ್ಡ ಪಾತ್ರೆಯೊಂದನ್ನು ಉಜ್ಜುತ್ತಿದ್ದಳು. ಕೈ ಒರೆಸಿಕೊಂಡು ಬಂದು ಸ್ಟೂಲು ಹಾಕಿ ಕೂರಿಸಿದಳು.

"ಬಾ ಅಕ್ಕ, ಮನೆಗೆ ಹೋಗೋಣ. ಇನ್ಮೇಲೆ ಸಭೆ ಗಿಭೆ ಏನೂ ಇಲ್ಲ."

"ನಂಗೇನೂ ಕೋಪ ಇಲ್ಲ ಮರಿ. ಮಗ್ಗಿ ಕಲಿಸಿದವಳು ನಾನಲ್ವಾ? ಮನಸ್ಸಲ್ಲೇ ಕೂಡೋವಾಗ ನಿನ್ನ ತುಟಿ ಅಲ್ಲಾಡುತ್ತೆ. ಅವತ್ತೂ ಅಲ್ಲಾಡ್ತು."

ಅಕ್ಕ ಇನ್ನೊಂದು ಸ್ಟೂಲು ಎಳೆದು ಎದುರಿಗೆ ಕೂತಳು.

"ಎಷ್ಟು ಬಂತು?"

ಚಿಕ್ಕಂದಿನಲ್ಲಿ ಪಾಟಿ ಹಿಡಿಸಿ ಕೇಳುತ್ತಿದ್ದ ಅದೇ ದನಿ. ತಡೆಯುವಷ್ಟರಲ್ಲಿ ಅವನ ಬಾಯಿ ಹೇಳಿಬಿಟ್ಟಿತು: "ಎರಡು ಸಾವಿರದ ಎಂಟುನೂರು."

"ಸರಿಯಾಗಿದೆ," ಎಂದಳು ಅಕ್ಕ. "ಆಮೇಲೆ ನಾನೂ ಕೂಡಿ ನೋಡ್ದೆ. ನಂಗೂ ಅಷ್ಟೇ ಬಂತು."

ಬಾ ಎಂದು ಮತ್ತೊಮ್ಮೆ ಕರೆಯಲು ಅವನಿಗೆ ಬಾಯಿ ಬರಲಿಲ್ಲ.