ಆರು ಚೌಕದ ಚೀಟಿ

ಬಾಗಿಲು ತೆರೆದವರು ದೊಡ್ಡಕ್ಕನ ಗಂಡ. ಬಾಗಿಲಿನ ಒಳಬದಿಯಲ್ಲಿ, ಚಿಲಕದ ಪಕ್ಕಕ್ಕೇ ಅಂಟಿಸಿದ್ದ ಚೀಟಿ ಚಿಕ್ಕಕ್ಕನ ಕಣ್ಣಿಗೆ ಬಿತ್ತು. ‘ಗ್ಯಾಸ್. ನಲ್ಲಿ. ಕಿಟಕಿ. ಬೀಗದ ಕೈ.’ ದೊಡ್ಡಕ್ಕನದೇ ಗುಂಡು ಅಕ್ಷರ.

“ಬಾಮ್ಮ, ಓದ್ಕೊಂಡೇ ಒಳಗೆ ಬಾ,” ಎಂದರು ಅವರು. “ಈ ಮನೇಲಿ ಈಗ ಗೋಡೆಗಳಿಗೇ ಮಾತು ಜಾಸ್ತಿ. ನನ್ನ ಹಣೆಗೆ ‘ಗಂಡ’ ಅಂತ ಒಂದು ಚೀಟಿ ಅಂಟಿಸೋದು ಬಾಕಿ ಉಳಿದಿದೆ.”

ಚಿಕ್ಕಕ್ಕ ನಕ್ಕಳು. ನಕ್ಕಿದ್ದಕ್ಕೆ ತಕ್ಷಣ ನಾಚಿಕೆಯಾಯಿತು. ಫ್ರಿಜ್ಜಿನ ಮೇಲೊಂದು ಚೀಟಿ, ಔಷಧಿ ಡಬ್ಬಿಯ ಮೇಲೊಂದು, ಫೋನಿನ ಬೆನ್ನಿಗೊಂದು. ಆರು ವಾಲಿಬಾಲ್ ತಂಡಗಳ ಆಟಗಾರ್ತಿಯರ ನಂಬರುಗಳನ್ನು ತಲೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ಹೆಂಗಸಿನ ಮನೆ ಇದು.

ದೊಡ್ಡಕ್ಕ, ಚಿಕ್ಕಕ್ಕ ಒಡಹುಟ್ಟಿದವರಲ್ಲ. ಹನ್ನೆರಡು ವರ್ಷದ ಹಿಂದೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಹೆಂಗಸರು ಪಾಳಿ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಎರಡು ಕಂಬಗಳಿಗೆ ಬಲೆ ಕಟ್ಟಿ ಆಡತೊಡಗಿದ್ದರು. ಅವರಿಗೆ ಆಟ ಕಲಿಸಿದವಳು ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಅವಳು ಎಲ್ಲರಿಗೂ ದೊಡ್ಡಕ್ಕನಾದಳು. ಕಾಲೇಜು ಮುಗಿಸಿ ಅದೇ ಕಾರ್ಖಾನೆಯ ಆಫೀಸಿಗೆ ಸೇರಿದ್ದ, ಬರಹ ಅಂದವಾಗಿದ್ದ ಹುಡುಗಿ ಅವಳ ಸಹಾಯಕಿಯಾಗಿ ಚಿಕ್ಕಕ್ಕನಾದಳು. ತಂಡ ಅಂಗಳದಿಂದ ಊರಿನ ಒಳಾಂಗಣ ಕ್ರೀಡಾಂಗಣಕ್ಕೆ ಹೋಯಿತು, ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಏರಿತು. ಬರುವ ಶನಿವಾರ ವೃತ್ತಿಪರ ಲೀಗಿನಲ್ಲಿ ಅದರ ಮೊದಲ ಪಂದ್ಯ. ಪೆಟ್ಟಿಗೆ ಮಡಚುತ್ತಿದ್ದ ಹುಡುಗಿಯರಿಗೆ ಈಗ ಆಡುವುದೇ ಕೆಲಸ. ಅವರ ಮುಖ್ಯ ಕೋಚ್ ಚಿಕ್ಕಕ್ಕ. ದೊಡ್ಡಕ್ಕ ಮೂರು ವರ್ಷದಿಂದ ಮನೆಯಲ್ಲಿದ್ದಾಳೆ.

“ಏನೇ, ಇಷ್ಟು ಸೊರಗಿದ್ದೀಯ?” ದೊಡ್ಡಕ್ಕ ಒಳಗಿನಿಂದ ಟೀ ತಂದಳು. “ಹುಡುಗೀರು ತಲೆ ತಿಂತಿದ್ದಾರಾ? ಏಣಿ ಹೇಗಿದ್ದಾಳೆ? ಇನ್ನೂ ಬಾಗಿಲಿಗೆ ಹಣೆ ಹೊಡೆಸಿಕೊಳ್ತಾಳಾ?”

ಏಣಿ ಎಂದರೆ ತಂಡದ ನಾಯಕಿ, ಎಲ್ಲರಿಗಿಂತ ಎತ್ತರದವಳು, ನಾಲ್ಕನೆಯ ನಂಬರಿನ ಹೊಡೆತಗಾರ್ತಿ.

“ಹೊಸ ಕ್ರೀಡಾಂಗಣದ ಬಾಗಿಲು ಎತ್ತರ ಇದೆ, ದೊಡ್ಡಕ್ಕ.”

“ಬಿಡು, ಹಾಗಾದ್ರೆ ಅವಳ ಹಣೆಬರಹ ಬದಲಾಯ್ತು.”

ಚಿಕ್ಕಕ್ಕ ಬಂದ ಕೆಲಸ ಹೇಳಿದಳು. ತಂಡದ ಅಧ್ಯಕ್ಷರು ಕೇಳಿದ್ದಾರೆ, ಹುಡುಗಿಯರೂ ಹಟ ಹಿಡಿದಿದ್ದಾರೆ: ಶನಿವಾರ ಬರಬೇಕು. ಬರೀ ನೋಡುವುದಕ್ಕಲ್ಲ. ಕಿರಿಯರ ತಂಡವನ್ನು ದೊಡ್ಡಕ್ಕನೇ ನೋಡಿಕೊಳ್ಳಬೇಕು.

ದೊಡ್ಡಕ್ಕ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. “ಬೇಡ ಕಣೆ. ನನ್ನ ತಲೆ ನಂಬೋ ಹಾಗಿಲ್ಲ.”

“ಡಾಕ್ಟರು ಏನೂ ಇಲ್ಲ ಅಂದ್ರಂತಲ್ಲ...”

“ಡಾಕ್ಟರು ಇವತ್ತು ಯಾವ ವಾರ ಅಂತ ಕೇಳಿದ್ರು, ನೂರರಿಂದ ಏಳೇಳು ಕಳೀರಿ ಅಂದ್ರು. ಅದೆಲ್ಲ ಹೇಳಿದೆ. ಆದರೆ ಆ ಕೊನೇ ಪಂದ್ಯದ ದಿನ ಏನಾಯ್ತು ಅಂತ ಅವರಿಗೇನು ಗೊತ್ತು? ನನ್ನ ಬಾಯಲ್ಲಿ ಏಳು ಮೊದಲು ಬಂತು ಅಂತ ಇವತ್ತಿಗೂ ಅನ್ನಿಸುತ್ತೆ. ಚೀಟಿಯಲ್ಲಿ ನಾಲ್ಕು ಮೊದಲಿತ್ತು. ತಾನೇ ಹೇಳಿದ್ದು ತನಗೇ ನೆನಪಿಲ್ಲದವಳ ಕೈಗೆ ಎಳೆ ಮಕ್ಕಳನ್ನ ಕೊಡ್ತಾರೇನೇ? ಮನೇಲಿ ಗ್ಯಾಸ್ ಆರಿಸಿದ್ದೀನಾ ಅಂತ ಮೂರು ಸಲ ಎದ್ದು ನೋಡ್ತೀನಿ.”

“ನಾಲ್ಕು ಸಲ,” ಎಂದರು ಗಂಡ ಪೇಪರಿನ ಹಿಂದಿನಿಂದ.

“ನೋಡು, ಅದೂ ಮರೆತಿದ್ದೆ,” ಎಂದು ದೊಡ್ಡಕ್ಕ ನಕ್ಕಳು.

ಚಿಕ್ಕಕ್ಕನ ಕೈಯಲ್ಲಿದ್ದ ಟೀ ತಣ್ಣಗಾಗುತ್ತಿತ್ತು. ಇಲ್ಲಿಗೆ ಬರುವಾಗ, ದೊಡ್ಡಕ್ಕನಿಗೆ ತನ್ನ ಮೇಲೆ ಸಿಟ್ಟಿರಬಹುದು, ಕೆಲಸ ಹೋದ ನೋವಿರಬಹುದು ಎಂದಷ್ಟೇ ಅವಳು ಲೆಕ್ಕ ಹಾಕಿದ್ದಳು. ಇದನ್ನು ಅವಳು ಎಣಿಸಿರಲಿಲ್ಲ.

ಮೂರು ವರ್ಷದ ಹಿಂದಿನ ಆ ಪಂದ್ಯ ಗೆದ್ದಿದ್ದರೆ ಅಂದೇ ಮೇಲಿನ ದರ್ಜೆ ಸಿಗುತ್ತಿತ್ತು. ನಾಲ್ಕು ಸೆಟ್ ಮುಗಿದು ಸಮ. ಪ್ರತಿ ಸೆಟ್ಟಿಗೂ ಮುಂಚೆ ಯಾರು ಯಾವ ಜಾಗದಲ್ಲಿ ನಿಲ್ಲುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ಅಂಪೈರಿಗೆ ಕೊಡಬೇಕು: ಆರು ಚೌಕ, ಆರು ನಂಬರು, ಕೆಳಗೆ ಕೋಚಿನ ಸಹಿ. ಕೊಟ್ಟ ಮೇಲೆ ಆ ಕ್ರಮದಲ್ಲೇ ನಿಲ್ಲಬೇಕು, ಆ ಕ್ರಮದಲ್ಲೇ ಸುತ್ತಬೇಕು. ದೊಡ್ಡಕ್ಕ ಯಾವತ್ತೂ ಕಾಗದದಲ್ಲಿ ಏನನ್ನೂ ಬರೆದಿಟ್ಟುಕೊಂಡವಳಲ್ಲ. ಹುಡುಗಿಯರ ಬೆವರು ಒರೆಸುತ್ತಾ, ನೀರು ಕುಡಿಸುತ್ತಾ ಬಾಯಲ್ಲಿ ಹೇಳುವಳು, ಚಿಕ್ಕಕ್ಕ ಬರೆಯುವಳು, ದೊಡ್ಡಕ್ಕ ನೋಡದೆ ಸಹಿ ಹಾಕುವಳು.

“ಏಳು, ನಾಲ್ಕು, ಹನ್ನೊಂದು, ಎರಡು, ಒಂಬತ್ತು, ಹದಿನಾಲ್ಕು.”

ಚಿಕ್ಕಕ್ಕನಿಗೆ ಸರಿಯಾಗಿಯೇ ಕೇಳಿಸಿತ್ತು. ಅವಳು ಬರೆದದ್ದು: ನಾಲ್ಕು, ಏಳು.

ಎರಡು ನಂಬರು ಹಿಂದೆ ಮುಂದಾದರೆ ಸಾಕು, ಇಡೀ ತಂಡದ ಸುತ್ತು ಕೆಡುತ್ತದೆ. ಚೆಂಡು ಎತ್ತಿಕೊಡಬೇಕಾದ ಏಳನೆಯ ನಂಬರಿನವಳು ಇರಬಾರದ ಹೊತ್ತಿನಲ್ಲಿ ಬಲೆಯ ಬಳಿ ಇದ್ದಳು. ಏಣಿ ಅಭ್ಯಾಸಬಲದಿಂದ ತನ್ನ ಹಳೆಯ ಜಾಗಕ್ಕೆ ಓಡಿದಳು. ಜಾಗ ತಪ್ಪಿತೆಂದು ಅಂಪೈರು ಎರಡು ಸಲ ಸೀಟಿ ಊದಿದರು. ಹದಿನೈದು–ಒಂಬತ್ತಕ್ಕೆ ಸೋತರು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಧ್ಯಕ್ಷರು “ಈ ಚೀಟಿ ಯಾರ ಕೆಲಸ?” ಎಂದು ಗುಡುಗಿದಾಗ ಚಿಕ್ಕಕ್ಕ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ದೊಡ್ಡಕ್ಕ, “ಸಹಿ ನಂದು. ನಾನೇ ತಪ್ಪು ಹೇಳಿರಬೇಕು,” ಎಂದುಬಿಟ್ಟಳು. ತೆರೆದ ಬಾಯಿಗೆ ಚಿಕ್ಕಕ್ಕ ನೀರು ಸುರಿದುಕೊಂಡಳು. ಬಾಟಲಿ ಖಾಲಿಯಾಗುವವರೆಗೂ ಕುಡಿದಳು.

ಮಾರನೆಯ ವಾರ ದೊಡ್ಡಕ್ಕನಿಗೆ ಹೂಗುಚ್ಛ ಕೊಟ್ಟು ಕಳಿಸಿದರು.

ಇದಿಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಆದರೆ ಪಂದ್ಯದ ಹಿಂದಿನ ದಿನ ಚಿಕ್ಕಕ್ಕ ಒಂದು ಗಂಟೆ ವಾದಿಸಿದ್ದಳು, ಏಣಿಯನ್ನೇ ಮೊದಲು ಇಡಬೇಕೆಂದು. ದೊಡ್ಡಕ್ಕ “ನಿನ್ನ ಪುಸ್ತಕ ಮುಚ್ಚಿಡು” ಎಂದು ಎಲ್ಲರೆದುರು ತಮಾಷೆ ಮಾಡಿದ್ದಳು. ಕೈ ತಪ್ಪಿತೋ, ಮನಸ್ಸೇ ಬರೆಯಿತೋ? ಆ ಪ್ರಶ್ನೆಯನ್ನು ಚಿಕ್ಕಕ್ಕ ಮೂರು ವರ್ಷದಿಂದ ತಿರುಗಿಸಿ ಮುರುಗಿಸಿ ನೋಡಿದ್ದಳು. ಎಲ್ಲಿಂದ ಹಿಡಿದರೂ ಅದು ಜಾರುತ್ತಿತ್ತು.

ಈಗ ಹೇಳಿದರೆ ಶನಿವಾರ ಕೋಚಿನ ಬೆಂಚು ಕೈತಪ್ಪಬಹುದು. ಹೇಳದಿದ್ದರೆ ಈ ಹೆಂಗಸು ಸಾಯುವವರೆಗೂ ತನ್ನ ಒಲೆಯನ್ನೇ ನಂಬುವುದಿಲ್ಲ.

“ದೊಡ್ಡಕ್ಕ, ನೀವು ಸರಿಯಾಗೇ ಹೇಳಿದ್ರಿ,” ಎಂದಳು. “ಏಳು ಅಂತಾನೇ ಮೊದಲು ಹೇಳಿದ್ರಿ. ನಾನು ನಾಲ್ಕು ಬರೆದೆ.”

ಪೇಪರು ಮೆಲ್ಲಗೆ ಕೆಳಗಿಳಿಯಿತು. ದೊಡ್ಡಕ್ಕ ಅವಳನ್ನೇ ನೋಡಿದಳು, ಮಾತು ಅರ್ಥವಾಗದವರ ಹಾಗೆ.

“ನಿನಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ? ತಪ್ಪಿ ಬರೆದ್ಯಾ, ಬೇಕೂಂತ ಬರೆದ್ಯಾ?”

“ಗೊತ್ತಿಲ್ಲ, ದೊಡ್ಡಕ್ಕ.” ತಪ್ಪಿ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. “ನಿಜವಾಗ್ಲೂ ಗೊತ್ತಿಲ್ಲ.”

ದೊಡ್ಡಕ್ಕ ಎದ್ದು ಕಿಟಕಿಯ ಹತ್ತಿರ ಹೋದಳು. ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಪೀಂ ಪೀಂ ಸದ್ದು ನಿಲ್ಲಲೇ ಇಲ್ಲ. ಅವಳ ತುಟಿ ಅಲುಗಾಡಿತು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಗಟ್ಟಿಯಾಗಿ, ಅಂದಿನ ಐದು ಸೆಟ್ಟುಗಳ ಐದು ಚೀಟಿಗಳನ್ನೂ ಒಂದೊಂದಾಗಿ ಹೇಳಿದಳು; ಎದುರಾಳಿಗಳದ್ದನ್ನೂ ಸೇರಿಸಿ. ಒಂದು ನಂಬರೂ ತಡವರಿಸಲಿಲ್ಲ. ಮುಗಿಸಿ ತಿರುಗಿದಾಗ ಅವಳ ಮುಖ ಚಿಕ್ಕಕ್ಕ ಎಂದೂ ಕಂಡಿರದಂಥದ್ದಾಗಿತ್ತು.

“ಮೂರು ವರ್ಷ,” ಎಂದಳು. “ಸ್ಕೂಟರ್ ಮಾರಿದೆ. ಮೊಮ್ಮಗೂನ ಎತ್ಕೊಂಡು ಮೆಟ್ಟಿಲು ಇಳೀಲಿಲ್ಲ, ಎಲ್ಲಿ ಕೈ ಬಿಟ್ಟುಬಿಡ್ತೀನೋ ಅಂತ. ಕೆಲಸ ಹೋಗಿದ್ದಕ್ಕೆ ನಾನು ಅತ್ತಿಲ್ಲ ಕಣೆ. ನನ್ನ ಮೇಲೆ ನನಗಿದ್ದ ನಂಬಿಕೆಯನ್ನೇ ತಗೊಂಡು ಹೋದೆಯಲ್ಲ ನೀನು.”

“ಕ್ಷಮಿಸಿ ಅಂತ ಕೇಳೋಕೂ...”

“ಕೇಳ್ಬೇಡ. ನನ್ನ ಹತ್ರ ಈಗ ಅದಿಲ್ಲ.” ಲೋಟಗಳನ್ನು ಎತ್ತಿಕೊಳ್ಳುತ್ತಾ ಸೇರಿಸಿದಳು: “ಹುಡುಗೀರಿಗೆ ಹೇಳು. ಎಲ್ಲರೂ ಕೂತಿರೋವಾಗ ಹೇಳು. ಏಣಿಯ ಮುಖ ನೋಡಿ ಹೇಳು.”

ಬೀಳ್ಕೊಡಲು ಬಾಗಿಲವರೆಗೆ ಬಂದವರು ಗಂಡ. ಅವರು ಈ ಸಲ ತಮಾಷೆ ಮಾಡಲಿಲ್ಲ.

ಮರುದಿನ ಅಭ್ಯಾಸ ಮುಗಿದ ಮೇಲೆ ಚಿಕ್ಕಕ್ಕ ಹುಡುಗಿಯರನ್ನು ನೆಲದ ಮೇಲೆ ಕೂರಿಸಿ ಹೇಳಿದಳು. ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ ಕೈಗಳು ಹಾಗೇ ನಿಂತವು.

“ಅಂದ್ರೆ ನಾನು ಓಡಿಹೋದ ಜಾಗ ಸರಿಯಾಗೇ ಇತ್ತು?” ಎಂದಳು ಏಣಿ. “ನಮ್ಮಪ್ಪ ಇವತ್ತಿಗೂ ‘ಎತ್ತರ ಇದೆ, ಬುದ್ಧಿ ಇಲ್ಲ’ ಅಂತಾರೆ. ಅವತ್ತಿನ ಆಟ ನೋಡಿ ಹೇಳಿದ್ದು ಅದು.” ಅವಳು ಎದ್ದು ಚೆಂಡುಗಳನ್ನು ಒಂದೊಂದಾಗಿ ಬುಟ್ಟಿಗೆ ಎಸೆಯತೊಡಗಿದಳು. ಜೋರಾಗಿಯೇ ಎಸೆದಳು.

ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಅಲ್ಲಮ್ಮ, ಮೂರು ವರ್ಷ ನುಂಗಿಕೊಂಡವಳು ಇನ್ನೊಂದು ವಾರ ನುಂಗೋಕೆ ಆಗ್ತಿರ್ಲಿಲ್ವಾ?” ಎಂದರು. “ಹೊಸಬರನ್ನ ಹುಡುಕೋಕೂ ಟೈಮಿಲ್ಲ. ಶನಿವಾರ ಬೆಂಚಲ್ಲಿ ನೀನೇ ಕೂತ್ಕೋ. ಆಮೇಲೆ ನೋಡೋಣ.” ಅದು ಕರುಣೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಕರುಣೆಯಲ್ಲದಿದ್ದುದೇ ಸ್ವಲ್ಪ ಹಗುರವೆನಿಸಿತು.

ಶನಿವಾರ ಸಂಜೆ ನಾಲ್ಕಕ್ಕೆ ಕ್ರೀಡಾಂಗಣ ತುಂಬಿತ್ತು. ಕಾರ್ಖಾನೆಯ ಹೆಂಗಸರು ರಟ್ಟಿನ ತುಂಡುಗಳನ್ನು ಬಡಿದು ಗದ್ದಲವೆಬ್ಬಿಸುತ್ತಿದ್ದರು. ಮೊದಲ ಸಾಲಿನಲ್ಲಿ, ಗಂಡನ ಪಕ್ಕ, ದೊಡ್ಡಕ್ಕ ಕೂತಿದ್ದಳು. ಹುಡುಗಿಯರು ಬೇಲಿಯ ಬಳಿಗೆ ಓಡಿ ಅವಳ ಕೈ ಹಿಡಿದುಕೊಂಡರು. ಏಣಿ ಬಗ್ಗಿ ಅವಳ ಭುಜಕ್ಕೆ ಮುಖ ಒತ್ತಿದಳು. ಚಿಕ್ಕಕ್ಕ ಬೆಂಚು ಬಿಟ್ಟು ಏಳಲಿಲ್ಲ. ದೊಡ್ಡಕ್ಕ ಅವಳತ್ತ ಒಂದು ಸಲವೂ ನೋಡಲಿಲ್ಲ.

ಅಂಪೈರು ಕೈ ಚಾಚಿದರು. ಚಿಕ್ಕಕ್ಕ ತಾನೇ ಬರೆದಳು, ತಾನೇ ಸಹಿ ಹಾಕಿದಳು. ಕೊಡುವ ಮುಂಚೆ ಕೈ ನಿಂತಿತು. ತಲೆ ಎತ್ತಿದಾಗ ದೊಡ್ಡಕ್ಕನ ಕಣ್ಣು ಅಂಕಣದಲ್ಲಿ ನಿಲ್ಲುತ್ತಿದ್ದ ಹುಡುಗಿಯರ ಬೆನ್ನಿನ ನಂಬರುಗಳ ಮೇಲಿತ್ತು. ಒಬ್ಬೊಬ್ಬರನ್ನೇ ದಾಟುತ್ತಾ ಅವಳ ತುಟಿ ಅಲುಗುತ್ತಿತ್ತು. ಚಿಕ್ಕಕ್ಕ ಆ ತುಟಿಗಳನ್ನು ನೋಡುತ್ತಾ ತನ್ನ ಆರು ಚೌಕಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಆರನೆಯದರವರೆಗೂ ಹೊಂದಿತು.

ಚೀಟಿಯನ್ನು ಅಂಪೈರಿನ ಕೈಗೆ ಕೊಟ್ಟಳು.