ಓಟು ತಂದ ತೋಳು

"ನನ್ನ ತೋಳೇನು ಓಟಿನ ಡಬ್ಬಿ ಐತೇನು?"

ಝೈತೂನ್ ಯಾರನ್ನೂ ಕೇಳಲಿಲ್ಲ. ಸಿಂಕಿನಲ್ಲಿ ಬಿರಿಯಾನಿಯ ಹಂಡೆ ತಿಕ್ಕುತ್ತ ನಲ್ಲಿಯ ನೀರಿಗೆ ಕೇಳಿದಂತಿತ್ತು. ಮೊಣಕೈಯಿಂದ ಮುಂಗೈತನಕ ಅವಳ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಸೋಪು ತಾಗಿದರೆ ಇವತ್ತಿಗೂ ಉರಿ.

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಬಿಲ್ಕೀಸ್ ತಲೆ ಎತ್ತಲಿಲ್ಲ. ಅವಳು ವಿಜಯಪುರದ ಕಡೆಯವಳು. ಗಂಡ ಶರೀಫನ ಹಿಂದೆ ಅಮೆರಿಕಕ್ಕೆ ಬಂದು, ಕಂಡವರ ಮನೆಯ ದಾವತ್ತಿಗೆ ಅಡುಗೆ ಮಾಡುತ್ತಿದ್ದಳು. ಝೈತೂನ್ ಪಾಕಿಸ್ತಾನದವಳು. ಸ್ಯಾನ್ ಮಟಿಯೋದ ಈ ಮನೆಯಲ್ಲೇ ಇದ್ದು ಮಗು ನೋಡಿಕೊಳ್ಳುವ ಆಳು. ಅವಳದು ಮುಲ್ತಾನಿನ ಕಡೆಯ ಉರ್ದು. ಆದರೂ ಅದು ಬಿಲ್ಕೀಸಳ ಕಿವಿಗೆ ತನ್ನೂರಿನ ಮಾತಾಗಿಯೇ ಬೀಳುತ್ತಿತ್ತು.

ಮನೆ ಫುರ್ಕಾನನದು. ಅವನ ತಾಯಿ ಶಹರ್‌ಬಾನೊ ಬೇಗಂ ಪಾಕಿಸ್ತಾನದ ಒಂದು ಪ್ರಾಂತದ ಅಸೆಂಬ್ಲಿ ಸದಸ್ಯೆ; ಈಗ ಮಗನ ಮನೆಗೆ ಬಂದಿದ್ದರು. ಅವರು ರಾಜಕೀಯಕ್ಕೆ ಇಳಿದದ್ದೇ ಈ ತೋಳು ಹಿಡಿದುಕೊಂಡು. ಹುಡುಗಿಯಾಗಿದ್ದ ಝೈತೂನಳ ಮೇಲೆ ಆಗಿನ ಮಾಲಕಿ ಕುದಿಯುವ ಎಣ್ಣೆ ಸುರಿದಿದ್ದಳು. ಬೇಗಂ ಅವಳನ್ನು ಆಸ್ಪತ್ರೆಯಿಂದ ಬಿಡಿಸಿ ತಂದು ಮನೆಯಲ್ಲಿಟ್ಟುಕೊಂಡರು. ಅದು ಸುಳ್ಳಲ್ಲ. ಪತ್ರಿಕೆಯವರ ಮುಂದೆ ತೋಳು ಎತ್ತಿ ತೋರಿಸಿದರು. ಪಕ್ಷ ಮಹಿಳೆಯರ ಮೀಸಲು ಸೀಟು ಕೊಟ್ಟಿತು. ಅಸೆಂಬ್ಲಿಯ ಗ್ಯಾಲರಿಯಲ್ಲಿ ಕೂರಿಸಿ ತೋರಿಸಿದರು; ಮನೆಗೆಲಸದವರಿಗೆ ವಾರಕ್ಕೊಂದು ದಿನ, ಶುಕ್ರವಾರ, ರಜೆ ಕೊಡುವ ಕಾನೂನು ಪಾಸಾಯಿತು. ಅದೂ ಸುಳ್ಳಲ್ಲ. ಆಮೇಲೆ ಮೊಮ್ಮಗುವನ್ನು ನೋಡಿಕೊಳ್ಳಲು ಅವಳನ್ನು ಇಲ್ಲಿಗೆ ಕಳಿಸಿದ್ದರು. ಈಗ ಬೇಗಂಗೆ ಮೀಸಲು ಸಾಲದು. ನೇರ ಚುನಾವಣೆಗೆ ನಿಲ್ಲಬೇಕು, ಹೊರದೇಶದ ತಮ್ಮವರ ಬೆಂಬಲ ಬೇಕು. ಮತ್ತೆ ಅದೇ ತೋಳು ಬೇಕು.

ಆ ಕಾನೂನಿನ ರಜೆ ಮಾತ್ರ ಝೈತೂನಳ ತನಕ ಬಂದಿರಲಿಲ್ಲ. "ನೀನು ಕೆಲಸದವಳಾ? ಮನೆ ಮಗಳು ಕಣೇ," ಎನ್ನುತ್ತಿದ್ದರು ಬೇಗಂ. ಮಗಳಿಗೆ ರಜೆ ಯಾರು ಕೊಡುತ್ತಾರೆ?

ಹೇಳಿ ಹೇಳಿ ಝೈತೂನಳ ಕಥೆ ಸವೆದುಹೋಗಿತ್ತು. ಈಗ ಹೇಳಿದರೆ ಯಾರ ಕಣ್ಣೂ ಒದ್ದೆಯಾಗುತ್ತಿರಲಿಲ್ಲ.

"ಬಿಲ್ಕೀಸ್, ನೀನು ಮೊಹರಮ್ಮಿನ ಪದ ಹಾಡಿದರೆ ಹೆಂಗಸರು ಗೊಳೋ ಅಂತ ಅಳ್ತಾರಂತಲ್ಲ. ಇವಳ ಕಥೇನ ಪದ ಮಾಡಿಕೊಡಮ್ಮ. ಇವಳೇ ಹೇಳಲಿ, ನೀನು ಹಿಂದೆ ನಿಂತು ದನಿಗೂಡಿಸು."

ಬೇಗಂರಂಥ ದೊಡ್ಡವರು ಬಾಯಿಬಿಟ್ಟು ಕೇಳಿದ್ದರು. ಅವರ ಕಡೆಯವರದೇ ಎಷ್ಟೋ ದಾವತ್ತುಗಳಿದ್ದವು. ಬಿಲ್ಕೀಸ್ ಒಪ್ಪಿದಳು.

ಅವಳಪ್ಪ ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುತ್ತಿದ್ದವನು. ಕರ್ಬಲಾದಲ್ಲಿ ಬಾಯಾರಿ ಅಳುತ್ತ ಬಾಣಕ್ಕೆ ಸತ್ತ ಕೂಸಿನ ಪದ ಎತ್ತಿದರೆ ಲಿಂಗಾಯತರ ಮುದುಕಿಯರೂ ಸೆರಗು ಕಣ್ಣಿಗೆ ಹಚ್ಚುತ್ತಿದ್ದರು. ಬಿಲ್ಕೀಸ್ ಆ ಧಾಟಿಯನ್ನೇ ತಂದು ಉರ್ದುವಿನಲ್ಲಿ ಬೇಗಂ ಕಥೆಗೆ ಹೊಂದಿಸಿದಳು. ಹೊಂದಿಸುವಾಗ, ಕೂಸಿನ ದುಃಖವನ್ನು ಓಟಿಗೆ ಮಾರಿದಂತಾಗಿ ಎದೆಯಲ್ಲಿ ಚುಚ್ಚಿತು. ಎಂದಿನ ನಮಾಜು ಮಾಡಿದಳು, ಚುಚ್ಚುವುದು ನಿಲ್ಲಲಿಲ್ಲ.

ಕಲಿಸುವಾಗ ಝೈತೂನ್ ಒಂದು ಕಡೆ ತಡೆದಳು.

"ಆಪಾ, 'ಸುಟ್ಟ ತೋಳ ಹಿಡಿದಾಕಿ, ಶುಕ್ರವಾರ ಕೊಟ್ಟಾಕಿ' ಅಂತೈತಲ್ಲ. ತೋಳು ಹಿಡಿದದ್ದು ಖರೇ. ಶುಕ್ರವಾರ ಎಲ್ಲಿ ಕೊಟ್ಟಾರ? ನಾ ಮಸೀದಿ ಬಾಗಿಲಾ ನೋಡಿಲ್ಲ ಇಲ್ಲಿ. ಆ ಸಾಲು ತಗದ್ಬಿಡ್ರಿ."

"ಅದನ್ನ ತಗದ್ರ ತಾಳ ತಪ್ಪತೈತಿ."

"ತಾಳ ತಪ್ಪಲಿ. ಸುಳ್ಳು ಯಾಕ?"

"ನಿನಗ ಪದದ ಕಟ್ಟು ತಿಳಿಯಂಗಿಲ್ಲ ಸುಮ್ನಿರು," ಎಂದಳು ಬಿಲ್ಕೀಸ್. ಹೊಸ ಸಾಲು ಕಟ್ಟುವುದು ಅವಳಿಗೆ ಒಂದು ಉಸಿರಿನ ಕೆಲಸ. ಬೇಗಂಗೆ ಬೇಕಾಗಿದ್ದದ್ದು ಆ ಸಾಲೇ ಎಂಬುದೂ ಅವಳಿಗೆ ಗೊತ್ತಿತ್ತು.

ಫ್ರೀಮಾಂಟಿನ ಸಭಾಂಗಣ ತುಂಬಿತ್ತು. ಝೈತೂನ್ ತೋಳು ಬರಿದು ಮಾಡಿಕೊಂಡು ವೇದಿಕೆಯಲ್ಲಿ ನಿಂತಳು, ಹಿಂದೆ ಬಿಲ್ಕೀಸ್. ಎಣ್ಣೆ ಕುದಿಯುವ ಸಾಲಿಗೇ ಜನ ಕರವಸ್ತ್ರ ತೆಗೆದರು. "ಸುಟ್ಟ ತೋಳ ಹಿಡಿದಾಕಿ" ಎಂದು ಹೇಳಿ ಝೈತೂನ್ ಬಾಯಿ ಮುಚ್ಚಿದಳು.

ಸಭೆ ಮುಂದಿನ ಮಾತಿಗೆ ಕಾಯಿತು. ಬೇಗಂ ಎದುರಿನ ಕುರ್ಚಿಯಿಂದ ಬಿಲ್ಕೀಸಳನ್ನು ನೋಡಿದರು. ಝೈತೂನ್ ತಿರುಗಿ ನೋಡಲಿಲ್ಲ. ತುಟಿ ಕಚ್ಚಿ ನಿಂತಿದ್ದಳು.

ರಿವಾಯತ ಮೇಳದಲ್ಲಿ ಒಂದು ಕಟ್ಟುನಿಟ್ಟು. ಮುಂದೆ ಹಾಡುವವನ ದನಿ ನಿಂತರೆ ಹಿಂದಿನವನು ಸಾಲನ್ನು ಎತ್ತಿಕೊಳ್ಳಲೇಬೇಕು. ದುಃಖದ ಪದವನ್ನು ಅರ್ಧಕ್ಕೆ ಬಿಡಬಾರದು. ಚಿಕ್ಕವಳಿದ್ದಾಗಿನಿಂದ ಅಪ್ಪನ ಬೆನ್ನ ಹಿಂದೆ ಕೂತು ಕೇಳಿದ ಬಾಯಿ ಅದು. ಮನಸ್ಸು ಬೇಡವೆನ್ನುವಷ್ಟರಲ್ಲಿ ಬಾಯಿ ಹಾಡಿಬಿಟ್ಟಿತು:

"ಶುಕ್ರವಾರ ಕೊಟ್ಟಾಕೀ..."

ಸಭೆಯೇ ಎದ್ದು ನಿಂತಿತು. ಯಾರೋ ಬೇಗಂ ಹೆಸರಿಗೆ ಜಿಂದಾಬಾದ್ ಕೂಗಿದರು. ಹೆಂಗಸೊಬ್ಬಳು ಓಡಿ ಬಂದು ಝೈತೂನಳನ್ನು ತಬ್ಬಿಕೊಂಡು, "ಎಂಥ ಪುಣ್ಯವಂತೆಯಮ್ಮ ನೀನು!" ಎಂದಳು.

ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲಿ ಇಬ್ಬರೂ ತಟ್ಟೆ ಬಳಿಯುತ್ತಿದ್ದರು. ಬೇಗಂ ತಮ್ಮ ಸೊಸೆ ಲೈಬಾಳ ಜೊತೆ ಒಳಗೆ ಬಂದರು. ಮುಖ ಅರಳಿತ್ತು.

"ಶಾಬಾಶ್! ಬರೋ ಶುಕ್ರವಾರ ಬರ್ಕ್ಲಿಯಲ್ಲಿ. ಯೂನಿವರ್ಸಿಟಿ ಹುಡುಗರು ಕರೆದಿದ್ದಾರೆ. ಇದೇ ಪದ."

"ಶುಕ್ರವಾರ ನನಗ ಸೂಟಿ ಐತ್ರಿ ಬೇಗಂ ಸಾಹೇಬಾ," ಎಂದಳು ಝೈತೂನ್. "ಈಗ ಇಷ್ಟು ಮಂದಿ ಮುಂದ ಕೊಟ್ರಲ್ಲ."

ಲೈಬಾ ಗಾಬರಿಯಾದಳು. "ವಾಟ್? ಮತ್ತೆ ಮಗೂನ ಯಾರು ನೋಡ್ಕೊಳ್ಳೋದು?"

"ಅದರ ಅವ್ವ ನೀವಽ ಅಲ್ರಿ?"

ಬೇಗಂ ನಕ್ಕರು. ನಗು ತುಟಿಯಿಂದ ಮೇಲೆ ಹೋಗಲಿಲ್ಲ. "ಬಿಲ್ಕೀಸ್, ನಿನ್ನ ಶಿಷ್ಯೆಗೆ ಸ್ವಲ್ಪ ಬುದ್ಧಿ ಹೇಳಮ್ಮ."

"ನಾ ಏನ್ ಹೇಳ್ಲಿ ಬೇಗಂ ಸಾಹೇಬಾ. ಸುಳ್ಳು ಹಾಡಿದಾಕಿ ನಾನು. ಆಕಿ ಬಾಯಿ ಮುಚ್ಚಿದ್ಲು."

"ಹಾಗಾದ್ರೆ ಮುಂದಿನ ದಾವತ್ತಿಗೆ ಬೇರೆಯವರನ್ನ ನೋಡ್ಕೋತೀವಿ," ಎಂದು ಬೇಗಂ ಹೊರಟುಹೋದರು. ಹೊರಗೆ ಅವರ ಜೊತೆ ಫೋಟೋ ತೆಗೆಸಿಕೊಳ್ಳಲು ಜನ ಸಾಲು ನಿಂತಿದ್ದರು.

ಬಿಲ್ಕೀಸ್ ಕೈ ಒರೆಸಿಕೊಂಡಳು. ಬೇಗಂ ಮುಂದೆ ಎರಡು ಮಾತಾಡಿದರೆ ಎದೆ ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಅಪ್ಪನ ಧಾಟಿ ಇನ್ನೂ ಕಿವಿಯಲ್ಲಿತ್ತು. ಅದರೊಳಗೆ ಈಗ ಕೂಸಿನ ಬಾಯಾರಿಕೆ ಇರಲಿಲ್ಲ, ಜಿಂದಾಬಾದ್ ಇತ್ತು.

"ತಂಗಿ," ಎಂದಳು. "ಬಾಯಿ ರೂಢಿ ಅದು. ತಡಿಯಾಕ ಆಗಲಿಲ್ಲ."

"ಸಭಾದಾಗ ರೂಢಿ. ನನಗ ಕಲಿಸೂವಾಗ ಏನಾಗಿತ್ತು?"

ಬಿಲ್ಕೀಸ್ ಝೈತೂನಳ ಕೈಯಲ್ಲಿದ್ದ ತಟ್ಟೆ ತೆಗೆದು ಕೆಳಗಿಟ್ಟು ಆ ಕೈ ಹಿಡಿದುಕೊಂಡಳು.

"ತಪ್ಪಾತವ್ವ. ಅಲ್ಲಾನ ಹೆಸರಿಲೆ ಕೇಳ್ತೀನಿ, ಮಾಫ್ ಮಾಡು."

ಝೈತೂನ್ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಇಲ್ಲ ಆಪಾ. ಮಾಡೂದಿಲ್ಲ."