ಮಂಗಳವಾರದ ಪೊಟ್ಟಣ

ಡಬ್ಬಿಗೆ ಟೇಪು ಸುತ್ತಿ, ಹಲ್ಲಿನಿಂದ ಕಚ್ಚಿ ತುಂಡರಿಸುವಾಗ ಅವಳ ಕಣ್ಣು ವಿಳಾಸದ ಚೀಟಿಯ ಮೇಲೆ ಬಿತ್ತು. ಮೂರನೇ ಅಡ್ಡರಸ್ತೆ, ಸೈಕಲ್ ಅಂಗಡಿಯ ಮೇಲಿನ ಮನೆ. ಅದು ಬಟ್ಟೆ ಹೊಲಿಯುವ ತಂಗಿಯ ಮನೆ.

ಔಷಧಿ ಅಂಗಡಿಯಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಫೋನಿನಲ್ಲಿ ಬಂದ ಪಟ್ಟಿ ನೋಡಿ ಸಾಮಾನು ಜೋಡಿಸುವುದು, ಮನೆಗಳಿಗೆ ಕಳಿಸುವುದು. ಮಂಗಳವಾರ ಅವಳ ವಾರದ ರಜೆ. ಈ ಸಲ ಗುರುವಾರ ತಂಗಿಯನ್ನು ತಪಾಸಣೆಗೆ ಕರೆದೊಯ್ಯಬೇಕಿದ್ದುದರಿಂದ ರಜೆಯನ್ನು ಅದಲು ಬದಲು ಮಾಡಿಕೊಂಡು ಕೆಲಸಕ್ಕೆ ಬಂದಿದ್ದಳು.

ಚೀಟಿ ನೋಡಿದಾಗ ಅವಳಿಗೆ ಮೊದಲು ನಗುವೇ ಬಂತು. ಪರವಾಗಿಲ್ಲ, ಹೇಳಿದ ಮಾತು ಕೇಳಿದ್ದಾಳೆ ಅಂದುಕೊಂಡಳು.

ತಂಗಿಗೆ ಆಗಲೇ ಎರಡು ಮಕ್ಕಳು. ಅಕ್ಕನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಒಂದೂ ಇಲ್ಲ. ಮೂರನೆಯದು ಎಣಿಸದೆ ಹೊಟ್ಟೆಯಲ್ಲಿ ನಿಂತಾಗ ತಂಗಿಯೇ ಅಕ್ಕನ ಮನೆಗೆ ಬಂದು, "ಇದು ನಿಂದು ಕಣೇ. ನನ್ನ ಹೊಟ್ಟೆ ಒಂಬತ್ತು ತಿಂಗಳ ಬಾಡಿಗೆ ಮನೆ ಅಂದ್ಕೋ, ಅಡ್ವಾನ್ಸ್ ಬೇಡ" ಎಂದು ನಗಾಡಿದ್ದಳು. ತಂಗಿಯ ಗಂಡನೂ ಒಪ್ಪಿ ತಲೆಯಾಡಿಸಿದ್ದ. ವಕೀಲರು ದತ್ತಿನ ಕಾಗದದ ಕರಡು ಮಾಡಿದ್ದರು. ಅಂದಿನಿಂದ ಅಕ್ಕ ಒಂದೊಂದಾಗಿ ತಂದು ಬೀರುವಿನಲ್ಲಿಟ್ಟಿದ್ದಳು: ಆರು ಗಾಜಿನ ಬಾಟಲಿ, ಅವನ್ನು ತೊಳೆಯುವ ಬ್ರಷ್ಷು, ಕುದಿಸುವ ಪಾತ್ರೆ, ಹತ್ತಿಯ ಬಟ್ಟೆ. ತಂಗಿಯ ಹತ್ತಿರ ಅವಳು ಬೇಡಿದ್ದು ಒಂದೇ. "ಮೊದಲ ಹತ್ತು ದಿನ ನಿನ್ನ ಹಾಲೇ ಕುಡಿಸಿಬಿಡು. ಆ ಹಳದಿ ಹಾಲು ನಮ್ಮಂಗಡೀಲಿ ಸಿಗಲ್ಲ."

ಹತ್ತು ದಿನಕ್ಕೆಂದು ತರಿಸಿದ್ದಾಳೆ. ಅವಳು ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಎದೆಗಿಡುವ ಪ್ಯಾಡು, ಎಂಟು ಪೊಟ್ಟಣ. ಮೊಲೆತೊಟ್ಟು ಬಿರಿದರೆ ಹಚ್ಚುವ ಮುಲಾಮು, ಎರಡು ಟ್ಯೂಬು. ಕೈಪಂಪು ಒಂದು. ಹಾಲು ತೆಗೆದಿಡುವ ಚೀಲ, ಇನ್ನೂರು.

ಇನ್ನೂರು ಚೀಲ ಆರು ತಿಂಗಳ ಲೆಕ್ಕ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಿ ಬರುವ ತಾಯಂದಿರು ಕೊಳ್ಳುವಷ್ಟು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದನ್ನ ಯಾರು ಹೇಳಿದ್ದು?" ಎಂದು ಫೋನಿನ ಹತ್ತಿರ ಕೂರುವ ಬಿಲ್ಲಿನವಳನ್ನು ಕೇಳಿದಳು.

"ಯಾರೋ ಟೈಲರಮ್ಮ. ಮಂಗಳವಾರಾನೇ ಕಳಿಸಿ, ಬೇರೆ ದಿನ ಬೇಡವೇ ಬೇಡ ಅಂತ ಎರಡೆರಡು ಸಲ ಹೇಳಿದ್ರು. ಮಂಗಳವಾರದಲ್ಲಿ ಅದೇನಿದೆಯೋ!"

"ನಾನಿರಲ್ಲ," ಎಂದಳು ಅವಳು. ಬಿಲ್ಲಿನವಳಿಗೆ ಅರ್ಥವಾಗಲಿಲ್ಲ. "ಇದನ್ನ ನಾನೇ ಕೊಟ್ಟು ಬರ್ತೀನಿ."

ಸೈಕಲ್ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು. ತಂಗಿ ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಯಂತ್ರದ ಮುಂದೆ ಕೂತಿದ್ದವಳು ಅಮ್ಮ. ಅಕ್ಕನನ್ನು ಕಂಡು ಅಮ್ಮ ಮಡಿಲಿನಲ್ಲಿದ್ದುದನ್ನು ಥಟ್ಟನೆ ಮೇಜಿನಡಿಗೆ ತಳ್ಳಿದಳು. ಆದರೂ ಕಂಡಿತು. ಎದೆಯ ಎರಡೂ ಕಡೆ ಮಡಿಕೆಯೊಳಗೆ ಸೀಳು ಬಿಟ್ಟು ಹೊಲಿದ ಸಡಿಲ ಅಂಗಿ. ಕುರ್ಚಿಯ ಬೆನ್ನಿಗೆ ಅಂಥವೇ ಇನ್ನೂ ನಾಲ್ಕು ತೂಗುತ್ತಿದ್ದವು.

ಎರಡು ತಿಂಗಳ ಹಿಂದೆ ಅಕ್ಕ ಎರಡು ಪುಟ್ಟ ಜುಬ್ಬ ಹೊಲಿದುಕೊಡು ಎಂದು ಕೇಳಿದ್ದಾಗ, "ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ ಮಗಳೇ" ಎಂದಿದ್ದಳು ಅಮ್ಮ.

"ಏನೇ, ಇವತ್ತು ರಜೆ ಅಲ್ವಾ ನಿನಗೆ?" ಎಂದು ತಂಗಿ ಎದ್ದು ನಿಲ್ಲಲು ನೋಡಿದಳು.

"ಡೆಲಿವರಿಗೆ ಬಂದೆ." ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಯಾರೂ ನಗಲಿಲ್ಲ. ಕೆಳಗೆ ಯಾರೋ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

"ಯಾವಾಗಿಂದ?"

ತಂಗಿ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಕೈಯಾಡಿಸಿದಳು. "ಒದೆಯೋಕೆ ಶುರುಮಾಡಿದಾಗಿಂದ."

"ಹಾಗಾದ್ರೆ ನಾಲ್ಕು ತಿಂಗಳು."

"ಹೇಳೋಣ ಅಂತ ನಿನ್ನ ಮನೆಗೆ ಬಂದಾಗಲೆಲ್ಲ ನೀನು ಬೀರು ತೆಗೆದು ಏನಾದ್ರೂ ಒಂದು ತೋರಿಸ್ತಿದ್ದೆ. ಬಾಯಿ ಕಟ್ಟಿ ಹೋಗ್ತಿತ್ತು." ತಂಗಿಯ ದನಿ ಏರಿತು. "ಹತ್ತು ದಿನ ಕುಡಿಸು ಅಂದವಳು ನೀನೇ ಅಲ್ವಾ? ಎದೆಗೆ ಹಚ್ಚಿಕೊಂಡು ಕುಡಿಸಿ, ಹನ್ನೊಂದನೇ ದಿನ ಎತ್ತಿ ಕೊಡೋದು ಹೇಗೆ? ನೀನೇ ಹೇಳು."

ಆ ಪ್ರಶ್ನೆಯೇ ಅಕ್ಕನಿಗೆ ಹೆಚ್ಚು ಸಿಟ್ಟು ತರಿಸಿತು.

"ಕೊಡಲ್ಲ ಅಂದಿದ್ರೆ ಅತ್ತುಕೊಂಡು ಸುಮ್ಮನಾಗ್ತಿದ್ದೆ. ಮಂಗಳವಾರ ಕಳಿಸಿ ಅಂದೆಯಲ್ಲ. ಅದನ್ನ ಎಲ್ಲಿ ಕಲಿತೆ?"

"ಅವಳನ್ನ ಬೈಬೇಡ ಕಣೇ," ಎಂದು ಅಮ್ಮ ನಡುವೆ ಬಂದಳು. "ನಿನ್ನ ಮನಸ್ಸು ನೋಯಿಸಬಾರದು ಅಂತಾನೇ ಇಷ್ಟು ದಿನ ತಡೆದಿದ್ದು. ನಿನ್ನ ಗಂಡನ ಹತ್ರ ಎಲ್ಲಾ ಹೇಳಿದೀವಿ. ಸಮಯ ನೋಡಿ ನಾನೇ ಹೇಳ್ತೀನಿ ಅಂದ್ರು. ಇನ್ನೂ ಹೇಳಿಲ್ವಾ?"

ಅಕ್ಕ ಅಮ್ಮನ ಮುಖವನ್ನೇ ನೋಡಿದಳು. ನಂತರ ಡಬ್ಬಿಯ ಟೇಪು ಕಿತ್ತು, ಸಾಮಾನುಗಳನ್ನು ಒಂದೊಂದೇ ಹೊರಗಿಟ್ಟು, ಕೌಂಟರಿನಲ್ಲಿ ಮಾತಾಡುವ ದನಿಯಲ್ಲಿ ಹೇಳತೊಡಗಿದಳು.

"ಪಂಪಿನ ಭಾಗಗಳನ್ನ ಬಿಡಿಸಿ ಐದು ನಿಮಿಷ ಕುದಿಸಿಕೊಳ್ಳಿ. ಈ ರಬ್ಬರ್ ಬಿಲ್ಲೆ ಚಿಕ್ಕದು, ನೀರಿನ ಜೊತೆ ಹೊರಟುಹೋಗುತ್ತೆ, ನೋಡ್ಕೊಳ್ಳಿ. ಮುಲಾಮು ಹಚ್ಚಿದ ಮೇಲೆ ಒರೆಸಬೇಕಾಗಿಲ್ಲ, ಮಗುವಿಗೆ ತೊಂದರೆ ಇಲ್ಲ. ಪ್ಯಾಡು ಒದ್ದೆ ಆದ ಕೂಡಲೇ ಬದಲಾಯಿಸಿ. ಚೀಲದ ಮೇಲೆ ಮೊದಲು ತಾರೀಖು ಬರೀರಿ, ಆಮೇಲೆ ಹಾಲು ತುಂಬಿ. ತುಂಬಿದ ಮೇಲೆ ಬರೆಯೋಕಾಗಲ್ಲ."

"ಅಕ್ಕಾ."

"ಇಲ್ಲೊಂದು ಸಹಿ ಹಾಕಿಬಿಡಿ."

"ನನಗ್ಯಾಕೆ ಬಹುವಚನ ಹಾಕ್ತೀಯಾ? ಬೇಕಾದ್ರೆ ಎರಡು ಹೊಡಿ." ತಂಗಿ ಅಳತೊಡಗಿದಳು. ಅಳುತ್ತಲೇ, ಬೇರೆ ದಾರಿ ಕಾಣದೆ, ಚೀಟಿಯ ಮೇಲೆ ಸಹಿ ಹಾಕಿದಳು.

ಅಕ್ಕ ಅರ್ಧ ಮೆಟ್ಟಿಲು ಇಳಿದಿದ್ದಳು. ಮೇಲಿನಿಂದ ಅಮ್ಮ ಕೂಗಿದಳು: "ಗುರುವಾರ ಆಸ್ಪತ್ರೆಗೆ ಬರ್ತೀಯ ತಾನೇ?"

ಅವಳು ಅಂಗಡಿಗೆ ವಾಪಸಾಗಲಿಲ್ಲ. ಬಸ್ಸು ಹತ್ತುವುದನ್ನೂ ಮರೆತು ಮನೆಯವರೆಗೆ ನಡೆದಳು.

ಮನೆಯೊಳಗೆ ಬಣ್ಣದ ವಾಸನೆ. ಹಳೆಯ ಟ್ರಂಕುಗಳನ್ನೆಲ್ಲ ಹೊರಗೆ ಹಾಕಿ ಖಾಲಿ ಮಾಡಿದ್ದ ಚಿಕ್ಕ ಕೋಣೆಯಲ್ಲಿ, ಬೆಳಗಿನ ಪಾಳಿ ಮುಗಿಸಿ ಬಂದ ಗಂಡ ಬಸ್ ಡ್ರೈವರಿನ ಖಾಕಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಮೂರು ಗೋಡೆ ಮುಗಿದಿತ್ತು. ನಾಲ್ಕನೆಯದರ ಅರ್ಧಕ್ಕೆ ಬಂದಿದ್ದ.

"ಇಷ್ಟು ಬೇಗ ಬಂದೆ?" ಎಂದು ತಿರುಗಿದವನು ಅವಳ ಮುಖ ನೋಡಿ ಬ್ರಷ್ಷನ್ನು ಗೋಡೆಯಿಂದ ತೆಗೆದ.

"ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಏನು ಎಂದು ಕೇಳಲಿಲ್ಲ. "ಮೂರು ವಾರ ಆಯ್ತು."

"ಬಣ್ಣ ತಂದಿದ್ದು ಹೋದ ಭಾನುವಾರ."

"ಹೌದು."

"ಅಂಗಡೀಲಿ ನಿಂತು ಇದಾ, ಅದಾ ಅಂತ ನನ್ನನ್ನ ಕೇಳಿದ್ರಿ. ಮಗು ಕಣ್ಣಿಗೆ ತಂಪಾಗಿರೋದು ತಗೋ ಅಂದ್ರಿ."

ಅವನು ಅರ್ಧ ಬಳಿದ ಗೋಡೆಯ ಕಡೆ ತಿರುಗಿದ.

"ಎಲ್ಲಾ ಗೊತ್ತಿದ್ದೂ ಯಾಕೆ ಬಳೀತಾ ಇದ್ರಿ?"

"ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತಿದ್ದೆ," ಎಂದ ಅವನು.

ಅವಳು ಹೊಸ್ತಿಲ ಮೇಲೆ ಕೂತಳು. ಇಳಿಯಲೋ ಬೇಡವೋ ಎಂಬಂತೆ ಅವನು ಸ್ಟೂಲಿನ ಮೇಲೆಯೇ ನಿಂತಿದ್ದ. ಕೈಯಲ್ಲಿದ್ದ ಬ್ರಷ್ಷಿನಿಂದ ತಿಳಿ ಹಸಿರು ಹನಿಗಳು ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಒಂದೊಂದಾಗಿ ಬೀಳುತ್ತಿದ್ದವು. ಅವಳು ಹನಿಗಳನ್ನು ನೋಡುತ್ತಿದ್ದಳು. ಇಳಿಯಿರಿ ಎಂದು ಹೇಳಲಿಲ್ಲ.